ವಚನ ಓದಿ ಆಯಿತು, ಮುಂದೆ ಎಂತ ಮಾಡುವುದು? ಕಿರು ಸಮುದಾಯಕ್ಕೆ ದಿನದ ಕ್ರಮ ಬೇಕು

ಕುಮಟಾ_ಕಡಲು

ನಮ್ಮ ಇಗರ್ಜಿಯ ಒಂದು ಕಿರು ಕ್ರೈಸ್ತ ಸಮುದಾಯಕ್ಕಾಗಿ (ನೆರೆಯ ಕೆಲವು ಮನೆಗಳ ಕೂಟ) ಕೇಳ್ತಾ ಇದ್ದೇನೆ. ಹೆಚ್ಚಿನವು ಮೀನುಗಾರರ ಮನೆ. ಗಾರೆ ಕೆಲಸದವರಿದ್ದಾರೆ, ಇಬ್ಬರು ನರ್ಸ್ ಇದ್ದಾರೆ, ಒಂದು ಕಿರಾಣಿ ಅಂಗಡಿಯವರು. ತಿಂಗಳಿಗೊಮ್ಮೆ ಕೂಟ ನಡೆಯುತ್ತದೆ. ಶುಭಸಂದೇಶ ಓದುತ್ತಾರೆ, ಒಂದು ಗೀತೆ, ಚಾ, ಅಲ್ಲಿಗೆ ಮುಗಿಯಿತು. ಬೇಕಾಗಿರುವುದು ಎರಡು. ಮನೆಯಲ್ಲಿ ದಿನಾ ಹದಿನೈದು-ಇಪ್ಪತ್ತು ನಿಮಿಷದಲ್ಲಿ ಮಾಡಬಹುದಾದ ಓದು-ಮನನದ ಕ್ರಮ, ಮತ್ತೆ ಆ ಓದು ಕೆಲಸಕ್ಕೆ ಇಳಿಯುವ ದಾರಿ. “ದೇವರ ವಾಕ್ಯ ಜೀವಿಸಬೇಕು” ಹೇಳುವ ಮಾತು ಎಲ್ಲರಿಗೂ ಗೊತ್ತಿದೆ, ಅದನ್ನು ಬಿಟ್ಟು ಹೇಳಿ.

ಸದಾಶಿವಗಡ_ಸೇತುವೆ

ಮೊದಲು ಎಂತ ಓದುವುದು ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಿ. ಇದು ನಿಶ್ಚಯ ಆಗದಿದ್ದರೆ ದಿನಾ ಬೆಳಿಗ್ಗೆ ಪುಟ ತಿರುವುವುದರಲ್ಲೇ ಐದು ನಿಮಿಷ ಹೋಗುತ್ತದೆ. ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಚನ ಓದುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಅದನ್ನು ನಿಲ್ಲಿಸಿ. ಬೆರಳು ಯಾವಾಗಲೂ ನಡುವಿನ ಪುಟಕ್ಕೇ ಹೋಗುತ್ತದೆ, ಮತ್ತೆ ಸಂದರ್ಭ ಬಿಟ್ಟ ಸಾಲು ಓದುಗನಿಗೆ ಬೇಕಾದದ್ದನ್ನೇ ಹೇಳುತ್ತದೆ.

ಕಥೊಲಿಕರಿಗೆ ಪೂಜೆಯ ವಾಚನಗಳ ಪಟ್ಟಿ ಸಿದ್ಧ ಇದೆ. ಭಾನುವಾರದ ಶುಭಸಂದೇಶಕ್ಕೆ ಮೂರು ವರ್ಷದ ಚಕ್ರ. ಇಸವಿಯನ್ನು ಮೂರರಿಂದ ಭಾಗಿಸಿ ಒಂದು ಉಳಿದರೆ ಮತ್ತಾಯ, ಎರಡು ಉಳಿದರೆ ಮಾರ್ಕ, ಏನೂ ಉಳಿಯದಿದ್ದರೆ ಲೂಕ. 2026 ಮತ್ತಾಯನ ವರ್ಷ. ಆಗಮನ ಕಾಲದ (ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ) ಮೊದಲ ಭಾನುವಾರಕ್ಕೇ ಹೊಸ ವರ್ಷ ಶುರುವಾಗುವುದರಿಂದ ಡಿಸೆಂಬರ್ ತಿಂಗಳಿಗೆ ಮುಂದಿನ ಇಸವಿಯ ಲೆಕ್ಕ ಹಿಡಿಯಬೇಕು. ವಾರದ ದಿನಗಳಲ್ಲಿ ಮೊದಲ ವಾಚನ ಬೆಸ ವರ್ಷಕ್ಕೊಂದು, ಸಮ ವರ್ಷಕ್ಕೊಂದು. ಶುಭಸಂದೇಶ ಮಾತ್ರ ಪ್ರತಿ ವರ್ಷ ಅದೇ. ಸಾಧಾರಣ ಕಾಲದ (ಹಬ್ಬದ ಕಾಲಗಳನ್ನು ಬಿಟ್ಟು ಉಳಿದ ವಾರಗಳು) 1ರಿಂದ 9ನೇ ವಾರ ಮಾರ್ಕ, 10ರಿಂದ 21 ಮತ್ತಾಯ, 22ರಿಂದ 34 ಲೂಕ.

ನಮ್ಮ ಕರಾವಳಿಗೆ ಇದರಲ್ಲೊಂದು ಅನುಕೂಲ ಇದೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ ಬಂದಿ (ಮೀನುಗಾರಿಕೆ ನಿಷೇಧ). ಹತ್ತನೇ ವಾರ ಬರುವುದೂ ಜೂನ್ ಎರಡನೇ ವಾರದ ಆಸುಪಾಸು. ಹಾಗಾಗಿ ಟ್ರಾಲರ್ ಬಂದರಿನಲ್ಲಿದ್ದು ಗಂಡಸರು ಮನೆಯಲ್ಲಿರುವ ಹೊತ್ತಿಗೇ ಮತ್ತಾಯ 5ನೇ ಅಧ್ಯಾಯ, ಬೆಟ್ಟದ ಉಪದೇಶ, ದಿನಕ್ಕೆ ಒಂದು ತುಂಡಿನಂತೆ ಬರುತ್ತದೆ. ಹೊಸ ಕ್ರಮ ಶುರು ಮಾಡಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಆಗಸ್ಟಿನಲ್ಲಿ ಶುರು ಮಾಡಿದರೆ ಮೊದಲ ವಾರವೇ ಎಲ್ಲರೂ ಕಡಲಿಗೆ.

ಶಿರಸಿ_ಮಳೆ

ನಮ್ಮದು ಪ್ರೊಟೆಸ್ಟೆಂಟ್ ಸಭೆ, ಸ್ವಲ್ಪ ಬೇರೆ ಹೇಳುತ್ತೇನೆ ಅಣ್ಣಾ. ಪೂಜೆಯ ವಾಚನಗಳಷ್ಟೇ ಆದರೆ ಹಳೆ ಒಡಂಬಡಿಕೆಯ ದೊಡ್ಡ ಭಾಗ ಕಣ್ಣಿಗೇ ಬೀಳುವುದಿಲ್ಲ. 66 ಪುಸ್ತಕಗಳ ನಮ್ಮ ಬೈಬಲಿನಲ್ಲಿ 1189 ಅಧ್ಯಾಯ. ವಾರದ ದಿನ ಮೂರು, ಭಾನುವಾರ ಐದು ಓದಿದರೆ ವರ್ಷಕ್ಕೆ ಮುಗಿಯುತ್ತದೆ. ಅಷ್ಟು ಆಗದವರಿಗೆ ಹೊಸ ಒಡಂಬಡಿಕೆ ಸಾಕು. ಅದರಲ್ಲಿ 260 ಅಧ್ಯಾಯ, ವಾರಕ್ಕೆ ಐದು ದಿನ ಒಂದೊಂದು ಓದಿದರೆ 52 ವಾರಕ್ಕೆ ಸರಿಯಾಗಿ ಕೂರುತ್ತದೆ, ಎರಡು ದಿನ ಬಿಡುವೂ ಸಿಗುತ್ತದೆ.

ವರ್ಷದ ಯೋಜನೆ ಎಲ್ಲಿ ಮುರಿಯುತ್ತದೆ ಎಂಬುದೂ ಗೊತ್ತಿದ್ದದ್ದೇ. ಆದಿಕಾಂಡ 50, ವಿಮೋಚನಕಾಂಡ 40 ದಾಟಿ ಜನವರಿ ಮುಗಿಯುವ ಹೊತ್ತಿಗೆ ಯಾಜಕಕಾಂಡ ಎದುರಾಗುತ್ತದೆ. ಕುಷ್ಠ, ಬಲಿ, ಬೂಷ್ಟು ಹಿಡಿದ ಗೋಡೆ. ಅಲ್ಲಿ ಎರಡು ದಿನ ತಪ್ಪುತ್ತದೆ, ಮೂರನೇ ದಿನ ಒಂಬತ್ತು ಅಧ್ಯಾಯದ ಬಾಕಿ, ನಾಲ್ಕನೇ ದಿನ ಪುಸ್ತಕ ಕಪಾಟಿಗೆ. ಉಪಾಯ ಇಷ್ಟೇ: ಬಾಕಿ ತೀರಿಸಲು ಹೋಗಬೇಡಿ. ತಪ್ಪಿದ್ದು ತಪ್ಪಿತು, ಇವತ್ತಿನದ್ದು ಓದಿ. ಹಾಗಂತ ಯಾಜಕಕಾಂಡವನ್ನೇ ಹಾರಿಸಬೇಡಿ. 19ನೇ ಅಧ್ಯಾಯದಲ್ಲಿರುವಷ್ಟು ಕೈಗೆ ಕೆಲಸ ಕೊಡುವ ವಚನಗಳು ಬೇರೆ ಕಡೆ ಸಿಗುವುದು ಕಡಿಮೆ. ಹೊಲದ ಅಂಚು ಕೊಯ್ಯದೆ ಬಡವನಿಗೆ ಬಿಡುವುದು, ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳದಿರುವುದು, ಕಿವುಡನನ್ನು ಶಪಿಸದಿರುವುದು, ತಕ್ಕಡಿ ಸರಿಯಿಡುವುದು. ಹೆರವರನ್ನು ನಿನ್ನಂತೆಯೇ ಪ್ರೀತಿಸು ಎಂಬ ಮಾತು ಬರುವುದೂ ಅಲ್ಲೇ, 18ನೇ ವಚನದಲ್ಲಿ, ತಕ್ಕಡಿ-ಕೂಲಿಗಳ ಮಧ್ಯದಲ್ಲಿ.

ತದಡಿ_ಬಂದರು

ಟ್ರಾಲರಿಗೆ ಹೋದವರು ಎಷ್ಟೋ ದಿನ ಬರುವುದೇ ಇಲ್ಲ. ಅವರಿಗೆ?

ಸದಾಶಿವಗಡ_ಸೇತುವೆ

ಧ್ವನಿ ಬೈಬಲ್. ಮೊಬೈಲಿಗೆ ಮೊದಲೇ ಡೌನ್‌ಲೋಡ್ ಮಾಡಿಕೊಂಡಿರಬೇಕು, ದಡ ಬಿಟ್ಟು ಸ್ವಲ್ಪ ಹೋದರೆ ನೆಟ್‌ವರ್ಕ್ ಇರುವುದಿಲ್ಲ. ಒಂದು ಅಧ್ಯಾಯ ಕೇಳಲು ನಾಲ್ಕೈದು ನಿಮಿಷ. ಬಲೆ ಬಿಟ್ಟು ಎಳೆಯುವ ತನಕ ಕಾಯುವ ಹೊತ್ತಿದೆಯಲ್ಲ, ಅದರಲ್ಲಿ ಒಂದೇ ಭಾಗವನ್ನು ಎರಡು ಸಲ ಕೇಳಲಿ. ಮನೆಯವರೂ ಅದೇ ದಿನ ಅದೇ ಭಾಗ ಓದುವಂತೆ ಹೊಂದಿಸಿ. ಓದಲು ಬಾರದ ಹಿರಿಯರಿಗೂ ಇದೇ ದಾರಿ.

ಗುಂಡಬಾಳ_ಹೊಳೆ

ಈಗ ಮನನದ ವಿಷಯ. ಹನ್ನೆರಡನೇ ಶತಮಾನದಲ್ಲಿ ಎರಡನೇ ಗೀಗೋ ಎಂಬ ಕಾರ್ಥೂಸಿಯನ್ ಸನ್ಯಾಸಿ ಇದನ್ನು ನಾಲ್ಕು ಮೆಟ್ಟಿಲ ಏಣಿಯಾಗಿ ಬರೆದಿಟ್ಟ: ಓದು, ಮನನ, ಪ್ರಾರ್ಥನೆ, ಮೌನ ಧ್ಯಾನ. 2010ರಲ್ಲಿ ಹದಿನಾರನೇ ಬೆನೆಡಿಕ್ಟ್ ಜಗದ್ಗುರುಗಳು ದೇವರ ವಾಕ್ಯದ ಬಗ್ಗೆ ಬರೆದ ‘ವೆರ್ಬುಮ್ ದೋಮಿನಿ’ ಎಂಬ ಪತ್ರದಲ್ಲಿ ಐದನೆಯದನ್ನು ಒತ್ತಿ ಹೇಳಿದರು, ಅದು ಕ್ರಿಯೆ. ಬದುಕು ಇನ್ನೊಬ್ಬರಿಗೆ ಕೊಡುಗೆ ಆಗುವ ತನಕ ಓದು ಮುಗಿಯುವುದಿಲ್ಲ ಎಂಬುದು ಅವರ ವಾದ.

ಇಪ್ಪತ್ತು ನಿಮಿಷ ಹೀಗೆ ಹಂಚಿ. ಭಾಗವನ್ನು ಎರಡು ಸಲ ಓದಲು ಐದು ನಿಮಿಷ, ಎರಡನೇ ಸಲ ಬಾಯಿಬಿಟ್ಟು, ನಿಧಾನ. ಹತ್ತು-ಹದಿನೈದು ವಚನಕ್ಕಿಂತ ದೊಡ್ಡ ಭಾಗ ಬೇಡ. ತಡೆದು ನಿಲ್ಲಿಸಿದ ಒಂದು ಮಾತನ್ನು ಹಿಡಿದು ಆರೇಳು ನಿಮಿಷ. ಆ ಮಾತಿನ ಮೇಲೆಯೇ ಪ್ರಾರ್ಥನೆ ನಾಲ್ಕು ನಿಮಿಷ, ಸುಮ್ಮನಿರುವುದು ಎರಡು ನಿಮಿಷ. ಕೊನೆಯ ಎರಡು ನಿಮಿಷದಲ್ಲಿ ನೋಟ್‌ಬುಕ್ಕಿನಲ್ಲಿ ಮೂರು ಸಾಲು: ವಚನದ ಸಂಖ್ಯೆ, ಹಿಡಿದ ಮಾತು, ಇವತ್ತಿನ ಕೆಲಸ. ಸಮಯ ಕಡಿಮೆ ಬಿದ್ದರೆ ಓದನ್ನು ಚಿಕ್ಕದು ಮಾಡಿ, ನೋಟ್‌ಬುಕ್ ಬಿಡಬೇಡಿ.

ಕೆಡುವುದು ಹೆಚ್ಚಾಗಿ ಮೂರನೇ ಸಾಲಿನಲ್ಲಿ. “ತಾಳ್ಮೆಯಿಂದ ಇರುತ್ತೇನೆ”, “ಎಲ್ಲರನ್ನೂ ಪ್ರೀತಿಸುತ್ತೇನೆ” ಎಂದು ಬರೆಯುತ್ತಾರೆ. ಇದು ಕೆಲಸ ಅಲ್ಲ, ರಾತ್ರಿ ಆಯಿತೋ ಇಲ್ಲವೋ ಹೇಳಲಿಕ್ಕೇ ಬರುವುದಿಲ್ಲ. ಯಾರಿಗೆ, ಎಂತ, ಯಾವಾಗ, ಮೂರೂ ಇರಬೇಕು. “ಮಧ್ಯಾಹ್ನ ಊಟಕ್ಕೆ ಮುಂಚೆ ಅಣ್ಣನಿಗೆ ಫೋನ್ ಮಾಡಿ ಗಡಿಕಲ್ಲಿನ ಮಾತು ಎತ್ತದೆ ಆರೋಗ್ಯ ವಿಚಾರಿಸುವುದು.” ಇದು ಕೆಲಸ. ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವ ಕೆಲಸವಾದರೆ ಅದರ ಮೊದಲ ತುಂಡನ್ನು ಮಾತ್ರ ಬರೆಯಿರಿ.

ಲೂಕ 10ರ ಸಮಾರ್ಯದವನನ್ನೇ ತೆಗೆದುಕೊಳ್ಳಿ. ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನನ್ನು ಯಾಜಕನೂ ನೋಡಿದ, ಲೇವಿಯನೂ ನೋಡಿದ, ಇವನೂ ನೋಡಿದ. ನೋಡುವುದರಲ್ಲಿ ಮೂವರೂ ಒಂದೇ. ವ್ಯತ್ಯಾಸ ಆಮೇಲಿನ ಕೆಲಸಗಳಲ್ಲಿ, 33ರಿಂದ 35ನೇ ವಚನದ ತನಕ ಬೆರಳಿಟ್ಟು ಎಣಿಸಿ. ಕನಿಕರಪಟ್ಟ, ಹತ್ತಿರ ಹೋದ, ಎಣ್ಣೆ-ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿದ (ಅಂದರೆ ತಾನು ನಡೆದ), ಛತ್ರಕ್ಕೆ ಒಯ್ದ, ಆರೈಕೆ ಮಾಡಿದ. ಮರುದಿನ ಎರಡು ದಿನಾರಿ ಕೊಟ್ಟ, ಛತ್ರದವನಿಗೆ ಜವಾಬ್ದಾರಿ ವಹಿಸಿದ, ಹೆಚ್ಚಾದ ಖರ್ಚನ್ನು ವಾಪಸು ಬರುವಾಗ ಕೊಡುತ್ತೇನೆ ಅಂದ. ಮತ್ತಾಯ 20ರ ಪ್ರಕಾರ ಒಂದು ದಿನಾರಿ ಒಂದು ದಿನದ ಕೂಲಿ, ಅಲ್ಲಿಗೆ ಎರಡು ದಿನದ ದುಡಿಮೆ. ನಾವು ಸಾಮಾನ್ಯವಾಗಿ ಗಾಯ ಕಟ್ಟುವಲ್ಲಿಗೆ ನಿಲ್ಲುತ್ತೇವೆ. ಮರುದಿನದ ಹಣ, ವಾಪಸು ಬಂದು ವಿಚಾರಿಸುವುದು, ಇವೆರಡೂ ಬಿಟ್ಟುಹೋಗುತ್ತವೆ. ಮನನಕ್ಕೆ ಕುಳಿತವರು ತಾವು ಯಾವ ಕ್ರಿಯಾಪದದಲ್ಲಿ ನಿಂತಿದ್ದೇವೆ ಎಂದು ಕೇಳಿಕೊಂಡರೆ ಇವತ್ತಿನ ಕೆಲಸ ತಾನಾಗಿ ಸಿಗುತ್ತದೆ.

ರಾತ್ರಿ ಐದು ನಿಮಿಷ ಸಂತ ಇಗ್ನೇಷಿಯಸರ ಆತ್ಮಪರಿಶೋಧನೆ: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನವನ್ನು ಗಂಟೆಗಂಟೆಯಾಗಿ ನೋಡುವುದು, ಕ್ಷಮೆ ಕೇಳುವುದು, ನಾಳೆಯ ನಿರ್ಧಾರ. ಬೆಳಗಿನ ಸಾಲಿನ ಮುಂದೆ ಆಗಿದ್ದರೆ ಗೆರೆ, ಆಗದಿದ್ದರೆ ಯಾಕೆ ಎಂದು ಎರಡು ಪದ. ಅದೇ ಕಾರಣ ಮೂರು ಸಲ ಬಂದರೆ ಕೆಲಸವನ್ನೇ ಬದಲಿಸಿ. ಬೈದುಕೊಳ್ಳುತ್ತ ಕೂರುವುದು ಪರಿಶೋಧನೆ ಅಲ್ಲ ಮಾರಾಯ್ರೆ.

ಅಂಕೋಲಾ_ಉಪ್ಪು

ಒಂದು ತಕರಾರು. ಯಾರಿಗೆ-ಎಂತ-ಯಾವಾಗ ಎಂದು ಹೊರಟರೆ ಇದು ಸಮಾಜಸೇವೆಯ ವರದಿ ಆಗುತ್ತದೆ. ಪ್ರಾರ್ಥನೆಗೆ ಪ್ರಯೋಜನ ಹುಡುಕಬಾರದು. ದೇವರ ಮುಂದೆ ಸುಮ್ಮನೆ ಕೂರುವುದಕ್ಕೂ ಬೆಲೆ ಇದೆ.

ಗುಂಡಬಾಳ_ಹೊಳೆ

ಒಪ್ಪುವ ಮಾತು ಅಕ್ಕಾ. ಆದರೆ ಲೂಕ ಇದಕ್ಕೆ ಜಾಗ ಮಾಡಿಯೇ ಇಟ್ಟಿದ್ದಾನೆ. ಸಮಾರ್ಯದವನ ಸಾಮತಿ 37ನೇ ವಚನಕ್ಕೆ “ಹೋಗಿ ಹಾಗೆಯೇ ಮಾಡು” ಎಂಬ ಅರ್ಥದಲ್ಲಿ ಮುಗಿಯುತ್ತದೆ. ಮರು ವಚನದಲ್ಲೇ ಮಾರ್ಥಾ-ಮರಿಯರ ಮನೆ. ಅಲ್ಲಿ ಓಡಾಡಿ ಕೆಲಸ ಮಾಡಿದವಳಿಗೆ ಬುದ್ಧಿಮಾತು, ಯೇಸುವಿನ ಪಾದದ ಬಳಿ ಕುಳಿತವಳಿಗೆ ಶಹಬ್ಬಾಸ್. ಎರಡನ್ನೂ ಬೇರೆ ಬೇರೆ ಭಾನುವಾರ ಓದುವುದರಿಂದ ಒಟ್ಟಿಗೆ ಇರುವುದು ಗಮನಕ್ಕೆ ಬರುವುದಿಲ್ಲ. ಆ ಎರಡು ನಿಮಿಷದ ಮೌನವನ್ನು ನಾನು ಅದಕ್ಕೇ ತೆಗೆಯಲಿಲ್ಲ.

ಅಂಕೋಲಾ_ಉಪ್ಪು

ಎರಡು ನಿಮಿಷ ಸಾಲುವುದಿಲ್ಲ. ಭಾನುವಾರವಾದರೂ ಹತ್ತು ಮಾಡಿ, ಆ ದಿನ ಮೂರನೇ ಸಾಲು ಖಾಲಿ ಬಿಡಿ. ಅಷ್ಟು ಮಾಡಿದರೆ ನನ್ನದು ಅಡ್ಡಿಲ್ಲ.

ಶಿರಸಿ_ಮಳೆ

ಎಜ್ರ 7:10ರಲ್ಲಿ ಒಂದು ಕ್ರಮ ಇದೆ. ಅವನು ಧರ್ಮಶಾಸ್ತ್ರವನ್ನು ಅಭ್ಯಸಿಸಲು, ಪಾಲಿಸಲು, ಆಮೇಲೆ ಕಲಿಸಲು ಮನಸ್ಸು ಮಾಡಿದ. ನಮ್ಮಲ್ಲಿ ನಡುವಿನದ್ದು ಹಾರಿ ಹೋಗಿ, ಓದಿದ ಹತ್ತು ನಿಮಿಷಕ್ಕೆ ವಾಟ್ಸಾಪಿನಲ್ಲಿ ಹೂವಿನ ಚಿತ್ರದ ಮೇಲೆ ವಚನ ಬರುತ್ತದೆ. ಪಾಲಿಸಿದ ಮೇಲೆ ಕಳಿಸುವ ನಿಯಮ ಮಾಡಿದರೆ ಗುಂಪು ಅರ್ಧ ಶಾಂತ ಆಗುತ್ತದೆ.

ಘಟ್ಟದ ಮೇಲಿನವರಿಗೆ ಅಡಿಕೆ ಕೊಯ್ಲಿನ ಕಾಲದಲ್ಲಿ ಓದಬೇಕಾದದ್ದು ಧರ್ಮೋಪದೇಶಕಾಂಡ 24:14-15, ಯಾಕೋಬ 5:4. ಬಡ ಕೂಲಿಯವನ ಕೂಲಿ ಹೊತ್ತು ಮುಳುಗುವ ಮುಂಚೆ ಅವನ ಕೈಗೆ ಸೇರಬೇಕು, ತಡೆಹಿಡಿದ ಕೂಲಿ ದೇವರಿಗೆ ಕೂಗುತ್ತದೆ ಎಂಬುದು ಸಾರಾಂಶ. ತೋಟ ಇದ್ದವರು ಕೆಳಗಿನದ್ದನ್ನು ಒಂದು ಸಂಜೆ ಕುಳಿತು ನೋಡಲಿ. ಕೊನೆಗೌಡನಿಗೆ (ಮರ ಹತ್ತಿ ಅಡಿಕೆ ಗೊನೆ ಇಳಿಸುವವನಿಗೆ) ಗೊನೆಯ ಲೆಕ್ಕವೋ ದಿನದ ಲೆಕ್ಕವೋ, ಮರ ಹತ್ತುವ ಮುಂಚೆಯೇ ಮಾತಾಗಿದೆಯೇ? ಅಡಿಕೆ ಸುಲಿಯುವ ಹೆಂಗಸರಿಗೆ ವಾರಕ್ಕೊಮ್ಮೆ ಬಟವಾಡೆ ಎಂದಾದರೆ ವಾರ ತಪ್ಪುತ್ತಿದೆಯೇ? ಮುಂಗಡ ಕೊಟ್ಟದ್ದು ಅವರ ಪುಸ್ತಕದಲ್ಲೂ ಬರೆದಿದೆಯೇ, ಅಥವಾ ಯಜಮಾನರ ಡೈರಿಯಲ್ಲಿ ಮಾತ್ರವೇ?

ಅಳತೆಯ ವಿಷಯ ಸ್ವಲ್ಪ ಸೂಕ್ಷ್ಮ. ಕಿಲೋ ಲೆಕ್ಕದಲ್ಲಿ ಸುಲಿಸುವಾಗ ಬುಟ್ಟಿಯ ತೂಕವನ್ನು ಒಂದೇ ಸಲ ಅಂದಾಜು ಮಾಡಿ ಕಳೆಯುತ್ತಾರೆ. ಒದ್ದೆ ಬುಟ್ಟಿ, ಒಣ ಬುಟ್ಟಿ ಒಂದೇ ಅಲ್ಲ. ಕಳೆಯುವಾಗ ಹೆಚ್ಚು ಕಳೆದರೆ ನಷ್ಟ ಸುಲಿದವಳಿಗೆ. ದಿನಾ ಬೆಳಿಗ್ಗೆ ಖಾಲಿ ಬುಟ್ಟಿಯನ್ನು ಅವಳ ಎದುರೇ ತೂಗಿ, ಬರೆಯಿರಿ. ಡಬ್ಬದ ಲೆಕ್ಕ ಇದ್ದಲ್ಲಿ ಡಬ್ಬ ಅಂಚಿನ ಸಮ ಆಗಿರಬೇಕು. ಲೂಕ 6:38ರಲ್ಲಿ ಅದುಮಿ, ಅಲುಗಿಸಿ, ಹೊರಚೆಲ್ಲುವ ಅಳತೆ ಬರುತ್ತದೆ. ಅದು ಕೊಡುವವನ ಅಳತೆ. ಸುಲಿದ ಅಡಿಕೆಯನ್ನು ರಾಶಿ ಏರಿಸಿ ಒಂದೇ ಡಬ್ಬ ಎಂದು ಎಣಿಸಿದರೆ ಅಳತೆ ಹೊರಚೆಲ್ಲಿದ್ದು ಯಜಮಾನನ ಕಡೆಗೆ! ಮೀನು ಮಾರುಕಟ್ಟೆಯ ತಕ್ಕಡಿಗೂ, ಕಿರಾಣಿ ಅಂಗಡಿಯ ತಕ್ಕಡಿಗೂ ಮೋಸದ ತಕ್ಕಡಿ ದೇವರಿಗೆ ಅಸಹ್ಯ ಎನ್ನುವ ಜ್ಞಾನೋಕ್ತಿ 11:1 ಅನ್ವಯಿಸುತ್ತದೆ, ಆದರೆ ಮೀನು ಕೊಳ್ಳುವವರು ಆ ವಚನವನ್ನು ಮಾರುವ ಹೆಂಗಸಿಗೆ ಹೇಳಲು ಹೋಗಬಾರದು. ವಚನ ಓದಿದವನ ತಕ್ಕಡಿಗೆ ಮೊದಲು.

ಹಳಿಯಾಳ_ದಾರಿ

ಕೂಟ ನಡೆಸುವ ಕ್ರಮ ಹೇಳುತ್ತೇನೆ. 1976ರಲ್ಲಿ ಬೆಳಗಾವಿಯಿಂದ ಬೇರೆಯಾದ ಕಾರವಾರ ಧರ್ಮಕ್ಷೇತ್ರದಲ್ಲಿ ಬಂದರಿನ ಕೊಂಕಣಿ ಮನೆಗಳಿವೆ, ಘಟ್ಟದ ಮೇಲೆ ಹಳಿಯಾಳ-ಯಲ್ಲಾಪುರದ ಸಿದ್ದಿ ಕ್ರೈಸ್ತರ ಊರುಗಳಿವೆ. ಎಲ್ಲ ಕಡೆಗೂ ಪ್ರವಚನಕಾರರು ಸಿಗುವುದಿಲ್ಲ. ಹಾಗಾಗಿ ಪ್ರವಚನ ಇಲ್ಲದೆ ನಡೆಯುವ ಕ್ರಮವೇ ಬೇಕು. ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆಯಿಂದ ಹರಡಿದ ‘ಏಳು ಹೆಜ್ಜೆ’ ಇದಕ್ಕೆ ಸರಿ. ಎಂಟ್ಹತ್ತು ಜನ, ಐವತ್ತು ನಿಮಿಷ.

ಒಬ್ಬರು ಸ್ವಂತ ಮಾತಿನಲ್ಲಿ ಪ್ರಭುವನ್ನು ಆಹ್ವಾನಿಸುವುದು ಮೊದಲನೆಯದು. ಎರಡನೆಯದು ಓದು: ಅಧ್ಯಾಯ ಹೇಳಿ, ಎಲ್ಲರೂ ಪುಟ ತೆರೆಯುವ ತನಕ ಕಾದು, ಆಮೇಲೆ ವಚನ ಹೇಳಿ. ಮೂರನೆಯದರಲ್ಲಿ ಪ್ರತಿಯೊಬ್ಬರೂ ತಮಗೆ ತಟ್ಟಿದ ಪದ ಅಥವಾ ತುಂಡು ಸಾಲನ್ನು ಮೂರು ಸಲ ಗಟ್ಟಿಯಾಗಿ ಓದುವುದು, ನಡುವೆ ಬಿಡುವು ಕೊಟ್ಟು. ವಿವರಣೆ ಇಲ್ಲ. ನಾಲ್ಕು, ಮೌನ, ಮೂರು ನಿಮಿಷ, ಗಡಿಯಾರ ನೋಡಿ. ಐದು, ಹಂಚಿಕೊಳ್ಳುವುದು. ಆರು, ನಮ್ಮ ಊರಲ್ಲಿ ಈಗ ಮಾಡಬೇಕಾದದ್ದೇನು ಎಂಬ ಮಾತು. ಏಳು, ಪ್ರಾರ್ಥನೆ.

ಐದನೇ ಹೆಜ್ಜೆ ಎರಡು ಕಡೆಯಿಂದ ಕೆಡುತ್ತದೆ. ಒಬ್ಬರು ಪ್ರವಚನ ಶುರು ಮಾಡುತ್ತಾರೆ, ಇಲ್ಲವೇ ಯಾರಾದರೂ ಮನೆಯ ಕಷ್ಟ ಹೇಳಿದ ಕೂಡಲೇ ನಾಲ್ಕು ಜನ ಸಲಹೆ ಕೊಡುತ್ತಾರೆ. ಒಮ್ಮೆ ಸಲಹೆ ಬಿದ್ದರೆ ಮುಂದಿನ ತಿಂಗಳು ಆ ಮನೆಯವರು ಬಾಯಿ ಬಿಡುವುದಿಲ್ಲ. ನಡೆಸುವವರು ಶುರುವಿನಲ್ಲೇ ಹೇಳಬೇಕು: ಹೇಳಿದ್ದಕ್ಕೆ ಉತ್ತರ ಇಲ್ಲ, ಚರ್ಚೆ ಇಲ್ಲ, ಇಲ್ಲಿಯ ಮಾತು ಹೊಸಿಲು ದಾಟಬಾರದು. ಓದು ಕನ್ನಡದಲ್ಲಿ ಆಗಲಿ, ಹಂಚಿಕೊಳ್ಳುವುದು ಮನೆ ಮಾತಿನಲ್ಲಿ. ಕನ್ನಡದಲ್ಲೇ ಹೇಳಿ ಎಂದು ಒತ್ತಾಯಿಸಿದರೆ ಕೊಂಕಣಿಯ ಹಿರಿಯ ಹೆಂಗಸರು ಎರಡು ವಾಕ್ಯಕ್ಕೆ ಮುಗಿಸಿಬಿಡುತ್ತಾರೆ.

ಆರನೆಯದನ್ನೇ ಬಹಳ ಕಡೆ ಹಾರಿಸುತ್ತಾರೆ, ಹೊತ್ತಾಯಿತು ಎಂದು. ನಿಮ್ಮ ಕೂಟ ಚಾ ಕುಡಿದು ಏಳುವುದು ಇಲ್ಲೇ. ಹದಿನೈದು ನಿಮಿಷ ಇದಕ್ಕೆ ಮೀಸಲಿಡಿ. ಮೊದಲು ಕಳೆದ ಸಲ ಒಪ್ಪಿಕೊಂಡ ಕೆಲಸದ ವಿಚಾರಣೆ, ಆಮೇಲೆ ಹೊಸದು. ಒಂದೇ ಕೆಲಸ, ಇಬ್ಬರ ಹೆಸರು, ತಾರೀಖು. ಮೂರು ಕೆಲಸ ಒಪ್ಪಿಕೊಂಡ ಕೂಟ ಒಂದನ್ನೂ ಮಾಡುವುದಿಲ್ಲ. ತಿಂಗಳಿಗೊಮ್ಮೆಯ ಬದಲು ಹದಿನೈದು ದಿನಕ್ಕೊಮ್ಮೆ ಸೇರಿದರೆ ವಿಚಾರಣೆಗೆ ಅರ್ಥ ಬರುತ್ತದೆ.

ಕುಮಟಾ_ಕಡಲು

ಹದಿನೈದು ದಿನಕ್ಕೊಮ್ಮೆ ಒಪ್ಪಿಸಬಹುದು. ಆರನೇ ಹೆಜ್ಜೆಗೆ ನಮ್ಮ ಕಡೆ ಮೊದಲು ಬರುವುದು ಆಸ್ಪತ್ರೆಯ ವಿಷಯವೇ. ಅದಕ್ಕೆ ಸರಿಯಾಗಿ ಎಂತ ಮಾಡಬಹುದು? ಹಣ್ಣು ತೆಗೆದುಕೊಂಡು ಹೋಗಿ ನೋಡಿ ಬರುವುದು ಈಗಲೂ ಇದೆ.

ಕಾಜುಬಾಗ_ತಿರುವು

ಹಣ್ಣಿನ ಚೀಲ ಕಡೆಗೆ. ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಹೋಗಬೇಕು. ಕಾರವಾರದಿಂದ ಮಣಿಪಾಲಕ್ಕೆ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರದಲ್ಲಿ ಒಂದು ಮನೆಗೆ ಬೇಕಾಗುವುದು ಇವು.

ಕಾಗದಪತ್ರ: ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ತುರ್ತು ಅಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಅದಿಲ್ಲದೆ ನೇರ ಹೋದವರು ಕೌಂಟರಿನಿಂದ ವಾಪಸು ಬರುತ್ತಾರೆ, ಇಲ್ಲವೇ ಕೈಯಿಂದ ಕಟ್ಟುತ್ತಾರೆ. ಆಧಾರ್, ರೇಷನ್ ಕಾರ್ಡಿನಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ಎಲ್ಲ ಮನೆಯದ್ದೂ ಕಾಯಿಲೆ ಬರುವ ಮುಂಚೆಯೇ ನೋಡಿಡಿ. ನಮ್ಮವರಲ್ಲಿ ಒಂದು ಕಡೆ ಜ್ಞಾನಸ್ನಾನದ ಹೆಸರು, ಇನ್ನೊಂದು ಕಡೆ ಕರೆಯುವ ಹೆಸರು, ಮನೆತನದ ಹೆಸರಿಗೆ ಎರಡು ಕಾಗುಣಿತ. ಇದೇ ಮೊದಲ ತೊಡಕು. ಈ ಕೆಲಸಕ್ಕೆ ಒಂದು ಭಾನುವಾರ ಸಾಕು.

ರಕ್ತ: 18ರಿಂದ 65 ವಯಸ್ಸು, ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5. ಗಂಡಸರು 90 ದಿನಕ್ಕೆ, ಹೆಂಗಸರು 120 ದಿನಕ್ಕೆ ಮತ್ತೆ ಕೊಡಬಹುದು. ಗುಂಪು ಮತ್ತು ಕೊನೆಯ ಸಲ ಕೊಟ್ಟ ತಾರೀಖು ಎರಡನ್ನೂ ಬರೆದಿಟ್ಟ ಪಟ್ಟಿ ಬೇಕು. ತಾರೀಖು ಇಲ್ಲದ ಪಟ್ಟಿ ರಾತ್ರಿ ಹನ್ನೊಂದಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ಜೊತೆಗಿರುವವರು: ರೋಗಿಯ ಹೆಂಡತಿಯೋ ಮಗಳೋ ಒಬ್ಬಳೇ ವಾರಗಟ್ಟಲೆ ವಾರ್ಡಿನ ಹೊರಗೆ ಮಲಗುತ್ತಾಳೆ. ಮೂರನೇ ದಿನ ಒಬ್ಬರು ಹೋಗಿ ಅವಳನ್ನು ಒಂದು ರಾತ್ರಿ ಬಿಡಿಸುವುದು ಹತ್ತು ಜನ ಹೋಗಿ ನೋಡಿ ಬರುವುದಕ್ಕಿಂತ ಮೇಲು. ಗುಂಡಬಾಳದವರು ಹೇಳಿದ ಮರುದಿನದ ದಿನಾರಿ ಇದೇ. ಊರಲ್ಲಿ ಉಳಿದ ಮಕ್ಕಳಿಗೆ ಊಟ, ದನಕ್ಕೆ ಹುಲ್ಲು ಯಾರು ಎಂಬುದನ್ನೂ ಅದೇ ದಿನ ತೀರ್ಮಾನಿಸಿ.

ಮತ್ತೆ ಒಂದು ಎಚ್ಚರಿಕೆ. ಸಹಾಯ ಬೇರೆ ಧರ್ಮದವರ ಮನೆಗೆ ಹೋದಾಗ ಜೊತೆಯಲ್ಲಿ ಕರಪತ್ರ, ಪ್ರಾರ್ಥನೆಯ ಒತ್ತಾಯ ಯಾವುದೂ ಬೇಡ. ಸಮಾರ್ಯದವನು ಗಾಯಾಳುವಿನ ಹತ್ತಿರ ತನ್ನ ಜನ ಆರಾಧಿಸುವ ಗೆರಿಜ್ಜೀಮ್ ಬೆಟ್ಟದ ಮಾತು ಎತ್ತಲಿಲ್ಲ.

ತದಡಿ_ಬಂದರು

ದುಡ್ಡು? ಮಳೆಗಾಲದಲ್ಲಿ ಯಾರ ಕೈಯಲ್ಲೂ ಇರುವುದಿಲ್ಲ. ಮತ್ತೆ ಕೊಟ್ಟವರ ಫೋಟೋ ಗುಂಪಿಗೆ ಹಾಕುವ ಚಾಳಿ ಬೇರೆ.

ಹಳಿಯಾಳ_ದಾರಿ

ಫೋಟೋ ಬೇಡವೇ ಬೇಡ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುವ ಮತ್ತಾಯ 6:3 ಇದ್ದ ಮೇಲೆ ಚರ್ಚೆ ಯಾಕೆ. ತೆಗೆದುಕೊಂಡವರ ಮುಖ ಅದರಲ್ಲಿ ಬಂದರಂತೂ ಕೊಟ್ಟದ್ದಕ್ಕಿಂತ ಕಸಿದದ್ದೇ ಹೆಚ್ಚು.

ದುಡ್ಡಿಗೆ 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡ್ರಿಕ್ ಓಝನಾಮ್ ಮತ್ತು ಗೆಳೆಯರು ಶುರು ಮಾಡಿದ ಸಂತ ವಿನ್ಸೆಂಟ್ ದ ಪೌಲ್ ಸಭೆಯ ಪದ್ಧತಿ ನೋಡಿ. ಸಭೆ ಆಧ್ಯಾತ್ಮಿಕ ಓದಿನಿಂದ ಶುರುವಾಗುತ್ತದೆ, ಮನೆ ಭೇಟಿಗೆ ಇಬ್ಬಿಬ್ಬರನ್ನು ನೇಮಿಸುತ್ತಾರೆ, ಗುಪ್ತ ಚೀಲ ಸುತ್ತುತ್ತದೆ. ಬಟ್ಟೆಯ ಚೀಲಕ್ಕೆ ಎಲ್ಲರೂ ಮುಷ್ಟಿ ಮುಚ್ಚಿ ಕೈ ಹಾಕಬೇಕು, ಖಾಲಿ ಕೈಯವರೂ. ಯಾರು ಹಾಕಿದರು, ಯಾರು ಹಾಕಲಿಲ್ಲ ತಿಳಿಯಬಾರದು. ಜೂನ್-ಜುಲೈನಲ್ಲಿ ಇದು ಮುಖ್ಯ, ಇಲ್ಲದಿದ್ದರೆ ದುಡ್ಡಿಲ್ಲದವರು ಕೂಟಕ್ಕೇ ಬರುವುದಿಲ್ಲ. ಅಲ್ಲೇ ಎಣಿಸಿ, ಇಬ್ಬರು ಸಹಿ ಹಾಕಿ, ಮೊತ್ತವನ್ನು ಮಾತ್ರ ಬರೆಯಿರಿ. ಕೊಟ್ಟ ಮನೆಯ ಹೆಸರನ್ನು ಭೇಟಿಗೆ ಹೋದ ಇಬ್ಬರು ಮತ್ತು ಫಾದರ್ ಬಿಟ್ಟು ಬೇರೆಯವರು ತಿಳಿಯಬೇಕಾಗಿಲ್ಲ. ಸಾಲ ಕೊಡುವ ಕೆಲಸಕ್ಕೆ ಇಳಿಯಬೇಡಿ. ವಾಪಸು ಕೊಡಲಾಗದವರು ಮೊದಲು ಕೂಟ ಬಿಡುತ್ತಾರೆ, ಆಮೇಲೆ ಪೂಜೆ.

ಕುಮಟಾ_ಕಡಲು

ಇಷ್ಟನ್ನೂ ಒಟ್ಟಿಗೆ ಹೇಳಿದರೆ ಎಲ್ಲರೂ ಎದ್ದು ಹೋಗುತ್ತಾರೆ. ಜೂನಿನ ಮೊದಲ ಕೂಟಕ್ಕೆ ಯಾವ ಭಾಗ ಇಡಲಿ?

ಸದಾಶಿವಗಡ_ಸೇತುವೆ

ಮತ್ತಾಯ 5:21-26. ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಮೊದಲು ಸಹೋದರನ ಜೊತೆ ಸಮಾಧಾನ ಮಾಡಿಕೋ ಎನ್ನುವ ಭಾಗ, ಹೇಗೂ ಹತ್ತನೇ ವಾರದಲ್ಲೇ ಬರುತ್ತದೆ. ದುಡ್ಡು ಬೇಡ, ಮನೆಯಲ್ಲಿರುವ ಗಂಡಸರಿಗೆ ಹೊತ್ತೂ ಇದೆ. ಆರು ವಚನ ಮಾತ್ರ, ಬಾಯಿಬಿಟ್ಟು ಓದಲು ಒಂದೇ ನಿಮಿಷ ಸಾಕು. ಏಳು ಹೆಜ್ಜೆಯಲ್ಲಿ ಮೊದಲ ಸಲ ಮೂರನೆಯದು ಮತ್ತು ಆರನೆಯದನ್ನು ಮಾತ್ರ ಕಲಿಸಿ, ಉಳಿದವು ನಿಮ್ಮ ಈಗಿನ ಕೂಟದಲ್ಲೇ ಹೆಚ್ಚುಕಡಿಮೆ ಇವೆ. ಅಲ್ಲಿ ಯಾರೂ ಹೆಸರು ಹೇಳುವುದು ಬೇಡ. ನೋಟ್‌ಬುಕ್ಕಿನಲ್ಲಿ ಹೆಸರೂ ತಾರೀಖೂ ಬರೆದುಕೊಂಡು ಮುಚ್ಚಲಿ. ಮತ್ತೆ ಬೈಬಲ್ ಎಲ್ಲರದ್ದೂ ಒಂದೇ ಅನುವಾದದ್ದು ಇರಲಿ ಅಕ್ಕಾ, ಇಲ್ಲದಿದ್ದರೆ ಮೂರನೇ ಹೆಜ್ಜೆಯಲ್ಲಿ ಯಾರು ಯಾವ ಸಾಲು ಓದಿದರು ಹೇಳಿ ಹುಡುಕುವುದೇ ಆಗುತ್ತದೆ.